ಅನ್ನದೊಡನೆ ವಿದ್ಯೆಯನ್ನಿತ್ತ ಗಾನಯೋಗಿ: ಶ್ರೀ ಪಂಚಾಕ್ಷರ ಗವಾಯಿಗಳು

ಹಸಿದು ಬಂದವನಿಗೆ ಅನ್ನವನ್ನಿಕ್ಕುವುದು ಗೃಹಸ್ಥನ ನಿತ್ಯಧರ್ಮ. ಆದರೆ ತಾಯಿತಂದೆಗಳ ಆಶ್ರಯವಿಲ್ಲದೆ, ನಿಲ್ಲಲು ನೆಲೆಯಿಲ್ಲದೆ ಊರೂರು ಅಲೆಯುವ ಬಾಲಕನಿಗೆ ಒಂದು ಹೊತ್ತಿನ ತುತ್ತು ಸಾಲದು. ಮರುದಿನವೂ ಅವನು ಹಸಿಯುವನು. ಅವನ ಹಸಿವನ್ನು ಹಿಂಗಿಸಿ, ಕಾಯಕದ ಹಾದಿಯನ್ನೂ ತೋರಿದಾಗಲೇ ದಾಸೋಹವು ಪೂರ್ಣವಾಗುವುದು. ಈ ತತ್ತ್ವವನ್ನು ಬಾಳಿ ತೋರಿದ ಮಹನೀಯರಲ್ಲಿ ಲಿಂಗೈಕ್ಯ ಗಾನಯೋಗಿ ಪಂಚಾಕ್ಷರ ಗವಾಯಿಗಳು ಪ್ರಾತಃಸ್ಮರಣೀಯರು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಇವರ ಜನನ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಬಾಲ್ಯದ ಹೆಸರು ಗದಿಗೆಯ್ಯ. ಇವರೂ ಅಣ್ಣ ಗುರುಬಸಯ್ಯನೂ ಹುಟ್ಟುಗುರುಡರು. ಬಡವರ ಮನೆಯಲ್ಲಿ ಕಣ್ಣಿಲ್ಲದೆ ಹುಟ್ಟಿದ ಮಗುವಿಗೆ ಅಂದು ಇದ್ದ ದಾರಿ ಒಂದೇ: ಜಾತ್ರೆಗಳಲ್ಲಿ, ಮನೆಮನೆಯ ಮುಂದೆ ಹಾಡಿ ಭಿಕ್ಷೆ ಬೇಡುವುದು. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರಸ್ವಾಮಿಗಳು ಈ ಸಹೋದರರ ಕಂಠಮಾಧುರ್ಯವನ್ನು ಕಂಡು, ಕರುಣೆಯಿಂದ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಅಣ್ಣನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಗದಿಗೆಯ್ಯನು ದುಃಖವನ್ನು ನುಂಗಿ ನಾದಸಾಧನೆಯನ್ನು ಮುಂದುವರಿಸಿದನು.

ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದ ಮೇಲೆ, 1909ರಲ್ಲಿ ಕುಮಾರಸ್ವಾಮಿಗಳು ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ್ದ ಶಿವಯೋಗಮಂದಿರದಲ್ಲಿ ನೀಲಕಂಠಬುವಾ ಮಿರಜಕರರಿಂದ ಹಿಂದುಸ್ತಾನಿ ಪದ್ಧತಿಯನ್ನು ಕಲಿತರು. ಹೀಗೆ ಉಭಯ ಗಾನವಿಶಾರದರಾದ ಇವರಿಗೆ ದೊಡ್ಡ ಊರುಗಳಲ್ಲಿ ಕಛೇರಿ ಮಾಡಿ, ಸಂಪತ್ತನ್ನು ಗಳಿಸಿ ಸುಖವಾಗಿ ಬಾಳುವುದು ಕಷ್ಟವಾಗಿರಲಿಲ್ಲ. ಆದರೆ ತಾವು ಪಡೆದ ಕರುಣೆಯು ತಮ್ಮಲ್ಲಿಯೇ ನಿಂತುಹೋಗಬಾರದೆಂಬುದು ಅವರ ನಿಶ್ಚಯ. ಗುರುವಿನ ಆಜ್ಞೆಯಂತೆ ಬ್ರಹ್ಮಚರ್ಯವನ್ನು ತಳೆದು, ಅಂಧ ಹಾಗೂ ಅನಾಥ ಬಾಲಕರಿಗೆ ವಿದ್ಯಾದಾನ ಮಾಡುವುದನ್ನೇ ವ್ರತವಾಗಿಸಿಕೊಂಡರು.

ಆ ಪಾಠಶಾಲೆಗೆ ಕಟ್ಟಡವಿರಲಿಲ್ಲ. ಗುರುವು ಎಲ್ಲಿ ಬೀಡುಬಿಟ್ಟರೆ ಅದೇ ಶಾಲೆ, ಅದೇ ಮನೆ. ಶಿಷ್ಯರ ದಂಡನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸಿದರು. ಮಳೆ ಹೋಗಿ ಬರ ಬಿದ್ದ ವರ್ಷಗಳಲ್ಲಿ ಭಕ್ತರ ಕಣಜಗಳೇ ಬರಿದಾಗಿರಲು, ಇಷ್ಟು ಹೊಟ್ಟೆಗಳನ್ನು ತುಂಬಿಸುವುದು ಸುಲಭವೇ? ಗುರುಗಳು ತಾವೇ ಜೋಳಿಗೆ ಹಿಡಿದರು. ಬಾಲ್ಯದಲ್ಲಿ ಯಾವ ಭಿಕ್ಷೆಯಿಂದ ಗುರುಕೃಪೆಯು ಅವರನ್ನು ಪಾರುಮಾಡಿತ್ತೋ, ಅದೇ ಭಿಕ್ಷೆಯನ್ನು ಪರರ ಮಕ್ಕಳಿಗಾಗಿ ಸಂತೋಷದಿಂದ ಕೈಕೊಂಡರು. ಮುಂದೆ ನಾಟಕಮಂಡಳಿಯನ್ನು ಕಟ್ಟಿ, ಅದರ ಗಳಿಕೆಯನ್ನು ಮಕ್ಕಳ ಪೋಷಣೆಗೆ ವಿನಿಯೋಗಿಸಿದರು. ಶಿಷ್ಯರೂ ಅದರಲ್ಲಿ ಹಾಡಿ, ವಾದ್ಯ ನುಡಿಸಿ ದುಡಿದರು; ಉಣ್ಣುವ ಅನ್ನದಲ್ಲಿ ತಮ್ಮ ಬೆವರೂ ಕೂಡಿದೆಯೆಂಬ ಅಭಿಮಾನವು ಅವರಲ್ಲಿ ಮೂಡಿತು. ಕೊನೆಗೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದಗಿನಲ್ಲಿ ನೆಲೆ ದೊರೆತು, ಅದು ವೀರೇಶ್ವರ ಪುಣ್ಯಾಶ್ರಮವೆಂದು ಪ್ರಸಿದ್ಧವಾಯಿತು.

ಈ ದಾಸೋಹದ ಫಲವನ್ನು ನಾಡೇ ಕಂಡಿದೆ. ಹಸುಗೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡು, ತಂದೆಯನ್ನೂ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿದ್ದ ಬಾಲಕನೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳಾದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರೂ ಇದೇ ಗುರುಕುಲದವರು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಭಾರವನ್ನು ಹೊತ್ತ ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾಗುವವರೆಗೆ, ಗುರುವು ಹಚ್ಚಿದ ಒಲೆಯು ಆರದಂತೆ ನೋಡಿಕೊಂಡರು.

ಸದ್ಭಕ್ತರೇ, ಬಸ್ ನಿಲ್ದಾಣಗಳಲ್ಲಿ, ಸಂತೆಯ ಬಯಲುಗಳಲ್ಲಿ ಇಂದಿಗೂ ಹಸಿದ ಎಳೆಯರು ಮಲಗಿರುವರು. ಅವರ ಕೈಗೆ ಕಾಸನ್ನಿತ್ತು ಮುಂದೆ ಸಾಗಿದರೆ ನಮ್ಮ ಮನಸ್ಸಿಗೆ ಸಮಾಧಾನವಾದೀತು. ಅವರ ಬಾಳಿಗೆ ನೆಲೆಯಾಗದು. ಅಂತಹ ಒಬ್ಬ ಬಾಲಕನನ್ನಾದರೂ ಪ್ರಸಾದನಿಲಯಕ್ಕೆ ಸೇರಿಸಿ, ಅವನು ಒಂದು ವಿದ್ಯೆಯನ್ನು ಕಲಿತು ತನ್ನ ಕಾಲಮೇಲೆ ನಿಲ್ಲುವವರೆಗೆ ಜೊತೆಗಿರುವುದು ಪ್ರತಿಯೊಂದು ಮನೆತನಕ್ಕೂ ಸಾಧ್ಯವಾಗದಿರಬಹುದು. ನಾಲ್ಕು ಮನೆತನಗಳು ಕೂಡಿದರೆ ಸಾಧ್ಯವಾದೀತು. ಗವಾಯಿಗಳ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಪೂಜೆಯಿಲ್ಲ.