ಎಂಟು ಕಿಂಡಿಗಳ ಜಗಳ

ಐಫೋನ್ ಮೇಲೋ, ಆ್ಯಂಡ್ರಾಯ್ಡ್ ಮೇಲೋ? ನಮ್ಮ ಹಾಸ್ಟೆಲಿನಲ್ಲಿ ಈ ವಾದ ಶುರುವಾದರೆ ಮುಗಿಯುವುದೇ ಇಲ್ಲ. ಕ್ಯಾಮೆರಾ, ಬ್ಯಾಟರಿ, ಬೆಲೆ ಎಂದು ಸುತ್ತಿ ಸುತ್ತಿ ಕೊನೆಗೆ ಯಾರ ಅಪ್ಪನ ಜೇಬು ದೊಡ್ಡದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬಿಸಿಎ ಕೊನೆಯ ವರ್ಷದಲ್ಲಿರುವ ನಾನು ಆ್ಯಪ್ ಮಾಡುವುದನ್ನು ಕಲಿಯತೊಡಗಿದ ಮೇಲೆ, ಈ ವಾದದ ಬೇರು ಬೇರೆಲ್ಲೋ ಇದೆ ಅನ್ನಿಸಿತು. ಹುಡುಕುತ್ತಾ ಹೋದಾಗ ಅದು ಸಿಕ್ಕಿದ್ದು ಸ್ಟೀವ್ ಜಾಬ್ಸ್ ಬದುಕಿನಲ್ಲಿ. ಅವರು ತೀರಿಕೊಂಡಾಗ ನಾವೆಲ್ಲ ಆಗಷ್ಟೇ ಶಾಲೆ ಸೇರಿದ್ದ ಮಕ್ಕಳು.

1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಮಗುವನ್ನು ಪಾಲ್ ಮತ್ತು ಕ್ಲಾರಾ ಜಾಬ್ಸ್ ದಂಪತಿ ದತ್ತು ತೆಗೆದುಕೊಂಡರು. ಸಾಕುತಂದೆ ಪಾಲ್ ಮೆಕ್ಯಾನಿಕ್. ಬೇಲಿ ಕಟ್ಟಿದರೂ ಬೀರು ಮಾಡಿದರೂ ಯಾರಿಗೂ ಕಾಣದ ಹಿಂಬದಿಯನ್ನೂ ಅಷ್ಟೇ ನೀಟಾಗಿ ಮುಗಿಸಬೇಕು ಎಂಬುದು ಅವರು ಮಗನಿಗೆ ಕಲಿಸಿದ ಪಾಠ. 1972ರಲ್ಲಿ ರೀಡ್ ಕಾಲೇಜು ಸೇರಿದ ಜಾಬ್ಸ್ ಆರು ತಿಂಗಳಿಗೇ ಕೋರ್ಸ್ ಬಿಟ್ಟರು. ಆದರೆ ಕ್ಯಾಂಪಸ್ ಬಿಡಲಿಲ್ಲ, ಚೆಂದದ ಅಕ್ಷರ ಬರೆಯುವ ಕ್ಯಾಲಿಗ್ರಫಿ ತರಗತಿಗೆ ಹೋಗಿ ಕೂತರು. ಒಂದು ವಸ್ತು ಒಳಗೂ ಹೊರಗೂ ಒಂದೇ ಕೈ ಮಾಡಿದಂತೆ ಇರಬೇಕು ಎಂಬ ಹಟ ಅವರಲ್ಲಿ ಹೀಗೆ ಬೆಳೆಯಿತು.

1976ರಲ್ಲಿ ಗೆಳೆಯ ಸ್ಟೀವ್ ವೋಜ್ನಿಯಾಕ್ ಜೊತೆ ಆಪಲ್ ಕಂಪನಿ ಕಟ್ಟಿದರು. ಮರುವರ್ಷ ಬಂದ ಆಪಲ್-2 ಕಂಪ್ಯೂಟರಿನ ವಿಷಯದಲ್ಲೇ ಇಬ್ಬರಿಗೂ ಜಗಳವಾಯಿತು. ಹೊರಗಿನ ಕಾರ್ಡುಗಳನ್ನು ಸಿಕ್ಕಿಸಲು ಪೆಟ್ಟಿಗೆಯೊಳಗೆ ಎಷ್ಟು ಕಿಂಡಿ, ಅಂದರೆ ಸ್ಲಾಟ್, ಇರಬೇಕು? ಪ್ರಿಂಟರಿಗೊಂದು, ಮೋಡೆಮ್‌ಗೊಂದು ಸಾಕು ಎಂದರು ಜಾಬ್ಸ್. ಎಂಟು ಬೇಕೇ ಬೇಕು ಎಂದು ಪಟ್ಟು ಹಿಡಿದರು ವೋಜ್ನಿಯಾಕ್. ಗೆದ್ದದ್ದು ವೋಜ್ನಿಯಾಕ್. ಕೊಂಡವರು ಆ ಕಿಂಡಿಗಳಿಗೆ ಡಿಸ್ಕ್ ಡ್ರೈವ್, ಮೆಮೊರಿ ಹೀಗೆ ಬೇಕಾದ್ದನ್ನೆಲ್ಲ ಜೋಡಿಸಿಕೊಂಡರು. ಎಷ್ಟೋ ವರ್ಷ ಕಂಪನಿಯ ಹೊಟ್ಟೆ ತುಂಬಿಸಿದ್ದು ಇದೇ ಕಂಪ್ಯೂಟರ್.

1984ರಲ್ಲಿ ಜಾಬ್ಸ್ ತಮಗೆ ಬೇಕಾದಂತೆ ಮ್ಯಾಕಿಂಟಾಷ್ ಮಾಡಿಸಿದರು. ಮೌಸ್ ಇತ್ತು, ಅಂದದ ಅಕ್ಷರಗಳಿದ್ದವು. ಕಿಂಡಿ ಮಾತ್ರ ಒಂದೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಲೂ ವಿಶೇಷವಾದ ಸ್ಕ್ರೂಡ್ರೈವರ್ ಬೇಕಿತ್ತು. 128 ಕೆಬಿ ಮೆಮೊರಿ ಸಾಲದೆ ಬಂದಾಗ ಕೊಂಡವರಿಗೆ ಬೇರೆ ಸುಲಭದ ದಾರಿ ಇರಲಿಲ್ಲ. ಮೊದಲ ಉತ್ಸಾಹ ಇಳಿದಂತೆ ಮಾರಾಟವೂ ಇಳಿಯಿತು. 1985ರಲ್ಲಿ ಜಾಬ್ಸ್ ತಾವೇ ಕಟ್ಟಿದ ಕಂಪನಿಯಿಂದ ಹೊರಬರಬೇಕಾಯಿತು.

ಆಗ ಶುರು ಮಾಡಿದ್ದು ನೆಕ್ಸ್ಟ್ ಕಂಪನಿ. ಅದರ ದುಬಾರಿ ಕಂಪ್ಯೂಟರನ್ನು ಕೊಂಡವರು ಕಡಿಮೆ. ಆದರೆ ಸಾಫ್ಟ್‌ವೇರ್ ಗಟ್ಟಿಯಾಗಿತ್ತು. 1996ರ ಕೊನೆಗೆ ಕಷ್ಟದಲ್ಲಿದ್ದ ಆಪಲ್ ಆ ಕಂಪನಿಯನ್ನೇ ಕೊಳ್ಳಲು ನಿರ್ಧರಿಸಿತು. ಮರಳಿ ಬಂದ ಜಾಬ್ಸ್, ಆಪಲ್ ಸಾಫ್ಟ್‌ವೇರನ್ನು ಬೇರೆ ತಯಾರಕರ ಕಂಪ್ಯೂಟರುಗಳಿಗೆ ಕೊಡುವ ವ್ಯವಸ್ಥೆಯನ್ನು ಮುಚ್ಚಿಸಿದರು. ಇಂದಿನ ಐಫೋನಿನ ತಳಹದಿಯೂ ನೆಕ್ಸ್ಟ್ ಸಾಫ್ಟ್‌ವೇರೇ. ಐಫೋನ್ ಕೋಡ್ ಕಲಿಯುವವರಿಗೆ ಎನ್ಎಸ್ ಎಂದು ಶುರುವಾಗುವ ಹೆಸರುಗಳು ಎದುರಾಗುತ್ತವಲ್ಲ, ಅವು ಆ ಕಾಲದ ಗುರುತುಗಳು.

2007ರ ಜನವರಿ 9ರಂದು ಐಫೋನ್ ತೋರಿಸಿದಾಗಲೂ ಹಳೆಯ ಹಟವೇ. ಬ್ಯಾಟರಿ ತೆಗೆಯುವಂತಿಲ್ಲ, ಮೆಮೊರಿ ಕಾರ್ಡ್ ಹಾಕುವಂತಿಲ್ಲ, ಹೊರಗಿನವರ ಆ್ಯಪ್ ಕೂರಿಸುವಂತಿಲ್ಲ. ಜೊತೆಗಿದ್ದವರು ಒತ್ತಾಯಿಸಿದ ಮೇಲೆ ಅದೇ ಅಕ್ಟೋಬರಿನಲ್ಲಿ ಹೊರಗಿನ ಆ್ಯಪ್‌ಗಳಿಗೆ ಒಪ್ಪಿದರು. 2008ರ ಜುಲೈನಲ್ಲಿ ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. ಬಾಗಿಲೇನೋ ತೆರೆಯಿತು, ಆದರೆ ಕಾವಲುಗಾರನೊಬ್ಬ ಅಲ್ಲೇ ನಿಂತ. ಆಪಲ್ ಪರಿಶೀಲಿಸದ ಆ್ಯಪ್‌ಗೆ ಪ್ರವೇಶವಿಲ್ಲ.

ಅತ್ತ ಗೂಗಲ್ 2005ರಲ್ಲೇ ಆ್ಯಂಡ್ರಾಯ್ಡ್ ಕಂಪನಿಯನ್ನು ಕೊಂಡಿತ್ತು. 2008ರಲ್ಲಿ ಮೊದಲ ಆ್ಯಂಡ್ರಾಯ್ಡ್ ಫೋನ್ ಬಂತು. ಇದರ ಕೋಡ್ ಮುಕ್ತ, ಯಾವ ತಯಾರಕರಾದರೂ ತಮ್ಮ ಫೋನಿಗೆ ಒಗ್ಗಿಸಿಕೊಳ್ಳಬಹುದು. ನನ್ನಂಥವರ ಕೈಗೆಟುಕುವ ಬೆಲೆಯಲ್ಲಿ ಫೋನ್ ಸಿಕ್ಕಿದ್ದು ಇದರಿಂದಲೇ. ಇಲ್ಲಿ ಕಂಡದ್ದು ವೋಜ್ನಿಯಾಕರ ಎಂಟು ಕಿಂಡಿಗಳು. ಒಂದೇ ಉದಾಹರಣೆ ಕೊಡುತ್ತೇನೆ. ಹೊರಗಿನವರು ಮಾಡಿದ ಕೀಬೋರ್ಡ್ ಹಾಕಿಕೊಳ್ಳಲು ಆ್ಯಂಡ್ರಾಯ್ಡ್ 2009ರಲ್ಲೇ ಅವಕಾಶ ಕೊಟ್ಟಿತು, ಐಫೋನ್ ಕೊಟ್ಟಿದ್ದು 2014ರಲ್ಲಿ. ತನ್ನ ಭಾಷೆಯಲ್ಲಿ ಟೈಪ್ ಮಾಡಬಯಸುವವರಿಗೆ ಈ ಐದು ವರ್ಷ ಸಣ್ಣದಲ್ಲ.

ಜಾಬ್ಸ್ ಕೆರಳಿದರು. 2010ರಲ್ಲಿ ಆಪಲ್, ಆ್ಯಂಡ್ರಾಯ್ಡ್ ಫೋನ್ ಮಾಡುತ್ತಿದ್ದ ಎಚ್‌ಟಿಸಿ ಮೇಲೆ ಮೊಕದ್ದಮೆ ಹೂಡಿತು. 2011ರ ಅಕ್ಟೋಬರ್ 5ರಂದು 56ನೇ ವಯಸ್ಸಿನಲ್ಲಿ ಜಾಬ್ಸ್ ನಿಧನರಾದರು. ಜಗಳ ಮಾತ್ರ ಅವರೊಂದಿಗೆ ಹೋಗಲಿಲ್ಲ.

ಮುಕ್ತವಾಗಿರುವುದಕ್ಕೂ ಬೆಲೆ ಇದೆ. ತಯಾರಕರು ಹಲವರಾದ್ದರಿಂದ ಎಷ್ಟೋ ಆ್ಯಂಡ್ರಾಯ್ಡ್ ಫೋನ್‌ಗಳಿಗೆ ಅಪ್‌ಡೇಟ್ ತಡವಾಗಿ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಮೋಸದ ಆ್ಯಪ್ ನುಸುಳುವುದೂ ಸುಲಭ. ಹಾಗಾಗಿ ಆ್ಯಪ್ ಒಂದು ಮೈಕ್, ಕಾಂಟ್ಯಾಕ್ಟ್ ಮುಟ್ಟುವ ಹೊತ್ತಿಗೆ ನಮ್ಮ ಅನುಮತಿ ಕೇಳುವ ಪದ್ಧತಿಯನ್ನು 2015ರಲ್ಲಿ ಆ್ಯಂಡ್ರಾಯ್ಡ್ ಕೂಡ ತಂದಿತು. ಐಫೋನ್ ಅದಾಗಲೇ ಹಿಡಿದಿದ್ದ ದಾರಿ ಅದು. ಹೀಗೆ ಮುಚ್ಚಿದ್ದು ಸ್ವಲ್ಪ ತೆರೆದುಕೊಂಡೇ ಬೆಳೆಯಿತು, ತೆರೆದದ್ದು ಸ್ವಲ್ಪ ಮುಚ್ಚಿಕೊಂಡೇ ಬಾಳಿತು.

ಈ ಬದುಕನ್ನು ಓದಿದ್ದು ನನಗೆ ಪ್ರಾಜೆಕ್ಟಿನಲ್ಲಿ ಕೆಲಸಕ್ಕೆ ಬಂತು. ನಾವು ಮೂವರು ಸೇರಿ ನಮ್ಮೂರಿನ ಹಾಲಿನ ಡೇರಿಗೆ ಲೆಕ್ಕದ ಆ್ಯಪ್ ಮಾಡುತ್ತಿದ್ದೇವೆ. ಎಲ್ಲ ಕಾಲಂಗಳನ್ನೂ ಬದಲಿಸುವಂತಿರಲಿ ಎನ್ನುತ್ತಾನೆ ಗೆಳೆಯ. ಬೆಳಗಿನ ಗಡಿಬಿಡಿಯಲ್ಲಿ ಲೀಟರ್, ಫ್ಯಾಟ್ ಎರಡನ್ನು ಒತ್ತಿದರೆ ಮುಗಿಯಬೇಕು ಎನ್ನುತ್ತೇನೆ ನಾನು. ಪರದೆಯನ್ನು ನಾನು ಹೇಳಿದಂತೆ ಸರಳವಾಗಿಟ್ಟು, ಕಾರ್ಯದರ್ಶಿಗೆ ಬೇಕಾದಂತೆ ತುಂಬಿಕೊಳ್ಳಲು ಎರಡು ಕಾಲಂ ಖಾಲಿ ಬಿಟ್ಟಿದ್ದೇವೆ. ಒಂದರಲ್ಲಿ ಅವರು ಈಗಾಗಲೇ ಪಶು ಆಹಾರದ ಸಾಲ ಬರೆಯತೊಡಗಿದ್ದಾರೆ. ಅದು ನಮ್ಮ ಮೂವರಿಗೂ ಹೊಳೆದೇ ಇರಲಿಲ್ಲ.