ಒಬ್ಬಳೇ ನಡೆದ ಅಕ್ಕ

 

ಉಪಸಂಪದೆಯ ಹೊತ್ತಿಗೆ ಭಿಕ್ಖುವಿಗೆ ನಾಲ್ಕು ಆಸರೆಗಳನ್ನು ತಿಳಿಸುತ್ತಾರೆ: ಭಿಕ್ಷೆಯ ಅನ್ನ, ಚಿಂದಿಯ ಚೀವರ, ಮರದ ಬುಡ, ಗೋಮೂತ್ರದ ಔಷಧ. ಭಿಕ್ಖುಣಿಗೆ ಹೇಳುವಾಗ ಮೂರೇ. ಮರದ ಬುಡ ಅವಳಿಗಿಲ್ಲ. ಒಬ್ಬಳೇ ಊರಿಂದೂರಿಗೆ ಹೋಗಬಾರದು, ಒಬ್ಬಳೇ ಹೊಳೆ ದಾಟಬಾರದು, ರಾತ್ರಿ ಒಬ್ಬಳೇ ಇರಬಾರದು ಎಂಬ ನಿಯಮವೂ ವಿನಯದಲ್ಲಿದೆ. ದಾರಿಯಲ್ಲಿ ಹೆಣ್ಣಿಗೆ ಆಗುವ ಅನಾಹುತ ಕಂಡೇ ಮಾಡಿದ ನಿಯಮ ಅದು. ಇದೆಲ್ಲವನ್ನೂ ಮೀರಿ ನಡೆದವಳು ನಮ್ಮ ಅಕ್ಕಮಹಾದೇವಿ.

ಹನ್ನೆರಡನೆಯ ಶತಮಾನ. ಊರು ಉಡುತಡಿ, ಈಗಿನ ಶಿಕಾರಿಪುರ ತಾಲ್ಲೂಕು. ಪಕ್ಕದ ಬಳ್ಳಿಗಾವೆಯಲ್ಲಿ 1065ರಲ್ಲಿ ಒಂದು ಬೌದ್ಧ ವಿಹಾರ ಕಟ್ಟಿಸಿದ್ದಕ್ಕೆ ಶಾಸನವಿದೆ. ಅಲ್ಲಿ ತಾರಾ ಭಗವತಿಗೆ ಪೂಜೆ ನಡೆಯುತ್ತಿತ್ತು. ಇಷ್ಟಕ್ಕೇ ಅಕ್ಕನನ್ನು ಬೌದ್ಧಳು ಎನ್ನುವುದು ಬೇಡ. ಅವಳು ಚೆನ್ನಮಲ್ಲಿಕಾರ್ಜುನನವಳು.

ಅರಸ ಕೌಶಿಕ ಅವಳನ್ನು ಬಯಸಿದ. ಮದುವೆ ಆಯಿತು ಎನ್ನುತ್ತದೆ ಹರಿಹರನ ರಗಳೆ, ಆಗಲಿಲ್ಲ ಎನ್ನುತ್ತದೆ ಚಾಮರಸನ ಪ್ರಭುಲಿಂಗಲೀಲೆ. ಎರಡರಲ್ಲೂ ಅವಳು ಅರಮನೆ ಬಿಟ್ಟು ಹೊರಟಳು, ಉಟ್ಟ ಬಟ್ಟೆಯನ್ನೂ ಬಿಟ್ಟಳು. ಉಡುತಡಿಯಿಂದ ಕಲ್ಯಾಣಕ್ಕೆ ಇಂದಿನ ರಸ್ತೆಯಲ್ಲೇ 450 ಕಿ.ಮೀ.ಗೂ ಹೆಚ್ಚು. ಅಲ್ಲಿಂದ ಶ್ರೀಶೈಲಕ್ಕೆ ಮತ್ತೆ 300ರ ಮೇಲೆ.

ತರಗತಿಯಲ್ಲಿ ಈ ಪಾಠ ಬಂದಾಗ ಗಂಡುಮಕ್ಕಳು ಕೌಶಿಕನ ಬಗ್ಗೆ ಕೇಳುತ್ತಾರೆ. ಹೆಣ್ಣುಮಕ್ಕಳು ಕೇಳುವುದು ಬೇರೆ: ರಾತ್ರಿ ಎಲ್ಲಿ ಮಲಗುತ್ತಿದ್ದಳು? ಮೈಸೂರು ರಸ್ತೆಯಲ್ಲಿ ಟ್ಯೂಷನ್ ಮುಗಿಸಿ ಕತ್ತಲಲ್ಲಿ ಮನೆಗೆ ಬರುವ ಮಕ್ಕಳು ಅವರು, ಅವರ ಪ್ರಶ್ನೆ ಸರಿಯಾದದ್ದು. ಅದಕ್ಕೆ ಅಕ್ಕನೇ ಒಂದು ವಚನದಲ್ಲಿ ಉತ್ತರ ಕೊಟ್ಟಿದ್ದಾಳೆ. ಹಸಿವಿಗೆ ಏನು, ನೀರಡಿಕೆಗೆ ಏನು, ಮಲಗಲು ಯಾವ ಜಾಗ ಎಂದು ಲೆಕ್ಕ ಹಾಕಿ, ಊರವರು ನೀಡುವುದು, ಕೆರೆ ಬಾವಿ, ಪಾಳುಬಿದ್ದ ಗುಡಿ ಎಂದು ಮುಗಿಸುತ್ತಾಳೆ. ನಾಲ್ಕು ಆಸರೆ ಓದಿದವರಿಗೆ ಈ ಲೆಕ್ಕ ಹೊಸದಲ್ಲ. ಧೈರ್ಯದ ಮಾತು ಎಂದು ನಾವು ಇದನ್ನು ಹಾಡುತ್ತೇವೆ. ನನಗಂತೂ ಅದರಲ್ಲಿ ತನ್ನನ್ನೇ ಸಂತೈಸಿಕೊಳ್ಳುವ ದನಿಯೂ ಕೇಳುತ್ತದೆ. ಬೇರೆ ವಚನಗಳಲ್ಲಿ ಅವಳು ಗಿಳಿ, ಕೋಗಿಲೆ, ದುಂಬಿಗಳನ್ನು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳೆ. ಕೇಳಲು ಮನುಷ್ಯರು ಇರಲಿಲ್ಲವೋ, ಇದ್ದವರನ್ನು ಕೇಳುವಂತಿರಲಿಲ್ಲವೋ.

ಕಲ್ಯಾಣ ಮುಟ್ಟಿದ ಮೇಲೂ ಪರೀಕ್ಷೆ ತಪ್ಪಲಿಲ್ಲ. ಎಲ್ಲ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ತುಂಬಿದ ಸಭೆಯಲ್ಲಿ ಕೇಳಿದ ಎಂದು ಶೂನ್ಯಸಂಪಾದನೆ ಹೇಳುತ್ತದೆ. ನೋಡುವವರಿಗೆ ನೋವಾಗದಿರಲಿ ಎಂಬುದು ಅವಳ ಉತ್ತರದ ತಿರುಳು. ಪ್ರಶ್ನೆ ಎಷ್ಟೇ ತಾತ್ವಿಕವಾಗಿರಲಿ, ಅಷ್ಟು ದೂರ ನಡೆದು ಬಂದವಳಿಗೆ ಮೊದಲು ನೀರು ಕೊಡಬಹುದಿತ್ತು ಎಂದು ನನಗೆ ಅನಿಸುವುದುಂಟು. ಕೊನೆಗೆ ಶರಣರು ಅವಳನ್ನು ಅಕ್ಕ ಎಂದು ಒಪ್ಪಿಕೊಂಡರು. ಆದರೂ ಅವಳು ಅಲ್ಲಿ ನಿಲ್ಲದೆ ಶ್ರೀಶೈಲದ ಕದಳಿಗೆ ನಡೆದಳು.

ಅದೇ ಕೃಷ್ಣೆಯ ಕೆಳಹರಿವಿನಲ್ಲಿ ನಾಗಾರ್ಜುನಕೊಂಡವಿದೆ. ಅಲ್ಲಿನ ಶಾಸನಗಳಲ್ಲಿ ಬೆಟ್ಟಸಾಲಿನ ಹೆಸರು ಶ್ರೀಪರ್ವತ. ಅಕ್ಕನಿಗಿಂತ ಎಂಟು ನೂರು ವರ್ಷಕ್ಕೂ ಹಿಂದೆ ಅಲ್ಲಿ ಚೈತ್ಯ, ವಿಹಾರಗಳಿಗೆ ದಾನ ಕೊಟ್ಟವರಲ್ಲಿ ಇಕ್ಷ್ವಾಕು ಮನೆತನದ ಹೆಂಗಸರು, ಬೋಧಿಸಿರಿ ಎಂಬ ಉಪಾಸಿಕೆ ಇದ್ದಾರೆ. ಅವರ ಹೆಸರು ಕಲ್ಲಿನಲ್ಲಿ ಉಳಿಯಿತು. ಅಕ್ಕನ 400ಕ್ಕೂ ಹೆಚ್ಚು ವಚನಗಳು ಜನರ ಬಾಯಲ್ಲಿ, ಓಲೆಗರಿಯಲ್ಲಿ ಉಳಿದವು. 20ನೇ ಶತಮಾನದಲ್ಲಿ ಫ. ಗು. ಹಳಕಟ್ಟಿಯವರಂಥವರು ಮನೆ ಮನೆ ತಿರುಗಿ ಆ ಕಟ್ಟುಗಳನ್ನು ಹುಡುಕಿ ವಚನಗಳನ್ನು ಅಚ್ಚು ಹಾಕಿಸಿದರು.

ಈಗ ಯುಗಾದಿ ಹತ್ತಿರವಾದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಕಂಬಿ ಹೊತ್ತು ಮಲ್ಲಯ್ಯನ ಬೆಟ್ಟಕ್ಕೆ ನಡೆಯುತ್ತಾರೆ. ಆತ್ಮಕೂರು ದಾಟಿದರೆ ನಲ್ಲಮಲ ಕಾಡು, ನಾಗಲೂಟಿ, ಪೆಚ್ಚೆರುವು, ಆಮೇಲೆ ಕೈಲಾಸದ್ವಾರ. ದಾರಿಯುದ್ದಕ್ಕೂ ಊರವರು ಅನ್ನ, ಮಜ್ಜಿಗೆ ಕೊಡುತ್ತಾರೆ. ಹೆಂಗಸರೂ ನಡೆಯುತ್ತಾರೆ, ಗುಂಪಾಗಿ. ರಾತ್ರಿ ತಂಗಿದಲ್ಲಿ ಭಜನೆಗೆ ಕೂತಾಗ ಅಕ್ಕನ ವಚನವನ್ನೂ ಹಾಡುತ್ತಾರೆ.

ಬಾಪೂಜಿ ನಗರ, ಬೆಂಗಳೂರು