ತೊರಪಳ್ಳಿಯ ರಾಜಾಜಿ: ಹುಡುಗರು ಒಪ್ಪಿದ್ದು, ಒಪ್ಪದೇ ಹೋದದ್ದು

ಬಿಸಿರಕ್ತದ ಹುಡುಗರು ಎಡಕ್ಕೆ ಹೋಗ್ತಾರೆ, ತಲೆ ನೆರೆತ ಮೇಲೆ ಸಂಪ್ರದಾಯದ ಕಡೆ ವಾಲ್ತಾರೆ ಅನ್ನೋ ಮಾತು ಹಿಂದೆ ಇತ್ತು. ಈಗ ಹಾಗೆ ಹೇಳುವಂತಿಲ್ಲ. ನಮ್ಮ ಧರ್ಮ, ನಮ್ಮ ಪದ್ಧತಿ, ನಮ್ಮ ಆಸ್ತಿ, ಇದರಲ್ಲಿ ಸರ್ಕಾರ ಕೈಹಾಕಬಾರದು ಅಂತ ಕಾಲೇಜು ಹುಡುಗರೇ ವಾದ ಮಾಡುವುದನ್ನು ಪೇಟೆಯಲ್ಲೂ ಹಳ್ಳಿಯಲ್ಲೂ ಕೇಳುತ್ತಿದ್ದೇವೆ. ಈ ಬಗೆಯ ವಿಚಾರಕ್ಕಾಗಿ ಎಂಬತ್ತನೇ ವಯಸ್ಸಿನಲ್ಲಿ ಒಂದು ಪಕ್ಷವನ್ನೇ ಕಟ್ಟಿದವರು ನಮ್ಮ ಹೊಸೂರು ಸೀಮೆಯವರಾದ ಚಕ್ರವರ್ತಿ ರಾಜಗೋಪಾಲಾಚಾರಿ. ಅವರ ಬದುಕಿನಲ್ಲಿ ಹುಡುಗರು ಅವರಿಗೆ ಎದುರು ನಿಂತದ್ದೂ ಉಂಟು, ಅವರ ಮಾತಿಗೆ ಕಿವಿಗೊಟ್ಟದ್ದೂ ಉಂಟು. ಯಾಕೆ ಹಾಗಾಯ್ತು ಅನ್ನೋದು ಇವತ್ತಿಗೂ ಯೋಚನೆ ಮಾಡಬೇಕಾದ ವಿಷಯ.

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿಗೆ ಹತ್ತಿರದ ತೊರಪಳ್ಳಿಯಲ್ಲಿ. ಆಗ ಅದು ಸೇಲಂ ಜಿಲ್ಲೆ, ಈಗ ಕೃಷ್ಣಗಿರಿ ಜಿಲ್ಲೆ. ತಂದೆ ಊರಿನ ಮುನ್ಸೀಫರು. ಕನ್ನಡ, ತೆಲುಗು, ತಮಿಳು ಮೂರೂ ಸಂತೆಯಲ್ಲಿ ಕೇಳಿಬರುವ ನಾಡು. ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಮದ್ರಾಸಿನಲ್ಲಿ ಲಾ ಓದಿ 1900ರಲ್ಲಿ ಸೇಲಂನಲ್ಲಿ ವಕೀಲಿ ಶುರು ಮಾಡಿದರು. ಕೈತುಂಬ ಸಂಪಾದನೆ ಇತ್ತು.

ಇಂಥವರು ತಮ್ಮ ಯೌವನದಲ್ಲಿ ಸಂಪ್ರದಾಯದ ರಾಜಕೀಯದವರಾಗಿರಲಿಲ್ಲ. 1906ರ ಕಲ್ಕತ್ತಾ ಕಾಂಗ್ರೆಸ್ಸಿಗೂ 1907ರ ಸೂರತ್ ಕಾಂಗ್ರೆಸ್ಸಿಗೂ ಹೋದವರು, ತಿಲಕರ ತೀವ್ರಗಾಮಿ ಬಣವನ್ನು ಮೆಚ್ಚಿದವರು. 1919ರಲ್ಲಿ ಗಾಂಧೀಜಿ ಮದ್ರಾಸಿಗೆ ಬಂದ ಮೇಲೆ ವಕೀಲಿ ಬಿಟ್ಟರು, ಜೈಲಿಗೆ ಹೋದರು, 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಖಾದಿ ನೂಲಿಸಿದರು. 1930ರ ಏಪ್ರಿಲ್‌ನಲ್ಲಿ ತಿರುಚಿಯಿಂದ ವೇದಾರಣ್ಯಕ್ಕೆ ಉಪ್ಪಿನ ಸತ್ಯಾಗ್ರಹದ ನಡಿಗೆ ಹೊರಟಾಗ ಅವರ ಹಿಂದೆ ಹೆಚ್ಚುಕಮ್ಮಿ ನೂರು ಮಂದಿ ಸ್ವಯಂಸೇವಕರು. ಆಗ ಹುಡುಗರು ಅವರ ಜೊತೆಗಿದ್ದರು.

1937ರಲ್ಲಿ ಅವರು ಮದ್ರಾಸ್ ಪ್ರಾಂತದ ಪ್ರಧಾನಿಯಾದರು. ಆಗ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಿದ್ದರು. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲಾ ಅದೇ ಪ್ರಾಂತದಲ್ಲಿದ್ದವು. ಅಂದರೆ ಈ ಪುಟ ಓದುವ ಅನೇಕರ ಅಜ್ಜ ಮುತ್ತಜ್ಜಂದಿರು ಬದುಕಿದ್ದು ಅವರ ಆಡಳಿತದಲ್ಲೇ. ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. 1938ರಲ್ಲಿ ರೈತರ ಸಾಲದ ಹೊರೆ ಇಳಿಸುವ ಕಾಯಿದೆ ಮಾಡಿದರು. ಹೆಂಡದ ಆದಾಯ ಹೋದ ಜಾಗ ತುಂಬಲು 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಸಾಲದ ಕಾಯಿದೆ ರೈತರಿಗೆ ಹಿಡಿಸಿತು, ತೆರಿಗೆ ಅಂಗಡಿಯವರಿಗೆ ಹಿಡಿಸಲಿಲ್ಲ. ಅದೇ ವರ್ಷ ಹರಿಜನರ ದೇವಸ್ಥಾನ ಪ್ರವೇಶಕ್ಕೆ ಕಾನೂನಿನ ರಕ್ಷಣೆಯನ್ನೂ ಕೊಟ್ಟರು.

ಹುಡುಗರ ಜೊತೆ ಮೊದಲ ಜಗಳ ಹತ್ತಿದ್ದು ಇದೇ ಕಾಲದಲ್ಲಿ. 1938ರಲ್ಲಿ ನೂರಕ್ಕೂ ಹೆಚ್ಚು ಹೈಸ್ಕೂಲುಗಳಲ್ಲಿ ಹಿಂದಿ ಕಡ್ಡಾಯ ಮಾಡಿದರು. ದೇಶ ಒಂದಾಗಬೇಕಾದರೆ ಒಂದು ಭಾಷೆ ಬೇಕು ಅನ್ನೋದು ಅವರ ಎಣಿಕೆ. ತಮಿಳು ಹುಡುಗರು ಬೀದಿಗಿಳಿದರು, ಸಾವಿರಕ್ಕೂ ಹೆಚ್ಚು ಮಂದಿ ಜೈಲು ಸೇರಿದರು, ಇಬ್ಬರು ಸೆರೆಯಲ್ಲೇ ತೀರಿಕೊಂಡರು. ಪೆರಿಯಾರ್ ಕೂಡ ಬಂಧನವಾದರು. 1939ರಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. 1940ರಲ್ಲಿ ಗವರ್ನರು ಆ ಆಜ್ಞೆಯನ್ನು ವಾಪಸು ಪಡೆದರು. ಆದರೆ ಆ ಚಳವಳಿಯಲ್ಲಿ ಪಳಗಿದವರೇ ಮುಂದೆ ಅಣ್ಣಾದೊರೈ ಜೊತೆ ನಿಂತು 1949ರಲ್ಲಿ ಡಿಎಂಕೆ ಕಟ್ಟಿದರು.

ಆಮೇಲೆ ರಾಜಾಜಿಯವರಿಗೆ ದೊಡ್ಡ ದೊಡ್ಡ ಹುದ್ದೆಗಳು ಬಂದವು. ಬಂಗಾಳದ ರಾಜ್ಯಪಾಲ, 1948ರಿಂದ 1950ರ ತನಕ ಭಾರತದ ಕೊನೆಯ ಗವರ್ನರ್ ಜನರಲ್, ಸರ್ದಾರ್ ಪಟೇಲರ ನಂತರ ಕೇಂದ್ರ ಗೃಹಮಂತ್ರಿ. 1952ರಲ್ಲಿ ಕಾಂಗ್ರೆಸ್ಸಿಗೆ ಮದ್ರಾಸಿನಲ್ಲಿ ಬಹುಮತ ಸಿಗದೆ ಹೋದಾಗ ಎಪ್ಪತ್ತಮೂರರ ಈ ಮುದುಕರನ್ನೇ ಕರೆತಂದು ಮುಖ್ಯಮಂತ್ರಿ ಮಾಡಿದರು. ಬಂದ ಕೆಲವೇ ತಿಂಗಳಲ್ಲಿ ಆಹಾರ ಧಾನ್ಯದ ಮೇಲಿನ ಕಂಟ್ರೋಲು ತೆಗೆದರು. ಅಭಾವ ಬರುತ್ತದೆ ಅಂತ ಹೆದರಿಸಿದವರಿದ್ದರು. ಮಂಡಿಗೆ ಅಕ್ಕಿ ಬಂತು, ಜನ ನಿಟ್ಟುಸಿರು ಬಿಟ್ಟರು.

ಮರುವರ್ಷ ಎಡವಿದರು. 1953ರ ಜೂನ್‌ನಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿರಬೇಕು, ಉಳಿದ ಹೊತ್ತು ಮನೆಯಲ್ಲಿ ತಂದೆಯ ಕಸುಬು ಕಲಿಯಬೇಕು. ಶಾಲೆ ಸಾಲದು, ಮೇಷ್ಟ್ರು ಸಾಲರು, ಬೊಕ್ಕಸದಲ್ಲಿ ದುಡ್ಡಿಲ್ಲ. ಎರಡು ಪಾಳಿ ಮಾಡಿದರೆ ಇದ್ದ ಮೇಷ್ಟ್ರಿಂದಲೇ ಎರಡರಷ್ಟು ಮಕ್ಕಳಿಗೆ ಪಾಠ ಆಗುತ್ತದೆ, ಕೈಕೆಲಸ ಕೀಳಲ್ಲ ಅನ್ನೋದೂ ಮಕ್ಕಳಿಗೆ ಗೊತ್ತಾಗುತ್ತದೆ. ಇದು ಅವರ ಲೆಕ್ಕ. ಕೇಳುವುದಕ್ಕೆ ಸರಿಯಾಗೇ ಇದೆ. ಆದರೆ ಕ್ಷೌರಿಕನ ಮಗ, ಕುಂಬಾರನ ಮಗ, ಚಪ್ಪಲಿ ಹೊಲಿಯುವವನ ಮಗ ಇದನ್ನು ಬೇರೆ ರೀತಿ ಕೇಳಿಸಿಕೊಂಡರು. ಅಪ್ಪ ಎಲ್ಲಿದ್ದನೋ ನೀನೂ ಅಲ್ಲೇ ಇರು ಅಂತ ಸರ್ಕಾರವೇ ಹೇಳಿದ ಹಾಗಾಯ್ತು ಅವರಿಗೆ. ವಿರೋಧಿಗಳು ಅದಕ್ಕೆ ಕುಲಕಸುಬಿನ ಶಿಕ್ಷಣ ಅಂತ ಹೆಸರಿಟ್ಟರು. ಕಾಂಗ್ರೆಸ್ಸಿನವರೇ ತಿರುಗಿಬಿದ್ದರು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಕುರ್ಚಿ ಬಿಟ್ಟರು. ನಂತರ ಬಂದ ಕಾಮರಾಜರು ಮಾಡಿದ ಮೊದಲ ಕೆಲಸಗಳಲ್ಲಿ ಆ ಯೋಜನೆ ಕೈಬಿಟ್ಟದ್ದೂ ಒಂದು.

ಬೇರೆಯವರಾಗಿದ್ದರೆ ಭಾರತರತ್ನ ಬಂತು, ಸಾಕು ಅಂತ ರಾಮಾಯಣ ಮಹಾಭಾರತ ಬರೆದುಕೊಂಡು ಮನೆಯಲ್ಲಿ ಇರುತ್ತಿದ್ದರು. ಅವನ್ನೂ ಬರೆದರು, ಆದರೆ ಸುಮ್ಮನಿರಲಿಲ್ಲ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಸಹಕಾರಿ ಕೂಡು ಬೇಸಾಯದ ನಿರ್ಣಯ ಮಾಡಿತು. ಹೊಲದ ಬದು ಅಳಿಸಿ ಎಲ್ಲರ ನೆಲ ಒಂದು ಮಾಡಿದರೆ ರೈತ ತನ್ನ ನೆಲದಲ್ಲೇ ಕೂಲಿಯಾಗುತ್ತಾನೆ ಅಂತ ರಾಜಾಜಿ ಎದ್ದು ನಿಂತರು. ಅದೇ ವರ್ಷ ಸ್ವತಂತ್ರ ಪಕ್ಷ ಹುಟ್ಟಿತು. ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಅಧ್ಯಕ್ಷರು, ಮೀನೂ ಮಸಾನಿ ಕಾರ್ಯದರ್ಶಿ. ಕಾರ್ಖಾನೆ ಇಡಲು ಲೈಸೆನ್ಸು, ಸಾಮಾನು ತರಿಸಲು ಪರ್ಮಿಟ್ಟು, ಸಿಮೆಂಟಿಗೆ ಕೋಟಾ ಅನ್ನುವ ವ್ಯವಸ್ಥೆಗೆ ಅವರು ಲೈಸೆನ್ಸ್ ಪರ್ಮಿಟ್ ರಾಜ್ಯ ಅಂತ ಹೆಸರು ಕೊಟ್ಟರು. ಆ ಹೆಸರು ಇಂದಿಗೂ ನಿಂತಿದೆ.

ಮಹಾರಾಜರೂ ಜಮೀನ್ದಾರರೂ ದೊಡ್ಡ ವ್ಯಾಪಾರಿಗಳೂ ಸೇರಿದ್ದರಿಂದ ಅದು ಸಾಹುಕಾರರ ಪಕ್ಷ ಅನ್ನೋ ದೂರು ಕೊನೆತನಕ ಹೋಗಲಿಲ್ಲ. ಆದರೂ 1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ, 1967ರಲ್ಲಿ 44 ಸ್ಥಾನ ಗೆದ್ದು ದೊಡ್ಡ ವಿರೋಧ ಪಕ್ಷವಾಯ್ತು. ನಮ್ಮ ಮೈಸೂರು ರಾಜ್ಯದಿಂದಲೇ ಐವರು ಗೆದ್ದಿದ್ದರು.

ಈ ನಡುವೆ ಹುಡುಗರು ಮತ್ತೆ ಎದುರಾದರು, ಈ ಸಲ ಅವರ ಪಕ್ಕದಲ್ಲಿ. 1965ರ ಜನವರಿ 26ರಿಂದ ಹಿಂದಿ ಕೇಂದ್ರದ ಆಡಳಿತ ಭಾಷೆ ಆಗಬೇಕಿತ್ತು. ಮದ್ರಾಸ್ ರಾಜ್ಯದ ಕಾಲೇಜು ವಿದ್ಯಾರ್ಥಿಗಳು ದೊಡ್ಡ ಚಳವಳಿ ಹೂಡಿದರು, ಗೋಲಿಬಾರಿನಲ್ಲಿ ಜೀವಗಳು ಹೋದವು. 1938ರಲ್ಲಿ ಹಿಂದಿ ತಂದ ಅದೇ ರಾಜಾಜಿ ವರ್ಷಗಳ ಹಿಂದೆಯೇ ಮನಸ್ಸು ಬದಲಾಯಿಸಿ, ಇಂಗ್ಲಿಷ್ ಇದ್ದ ಹಾಗೇ ಇರಲಿ ಅಂತ ಬರೆಯುತ್ತಿದ್ದರು. ಇದ್ದದ್ದು ಇರಲಿ ಅನ್ನೋದು ಸಂಪ್ರದಾಯಸ್ಥರ ಮಾತೇ. ಆದರೆ ಹುಡುಗರ ಕಿವಿಗೆ ಅದು ಹಿತವಾಯ್ತು, ಯಾಕೆಂದರೆ ದಿಲ್ಲಿಯ ನೌಕರಿಯ ಬಾಗಿಲು ತಮಗೆ ಮುಚ್ಚಿಹೋಗುವುದಿಲ್ಲ ಅನ್ನೋ ಭರವಸೆ ಅದರಲ್ಲಿತ್ತು. 1967ರಲ್ಲಿ ಡಿಎಂಕೆ ಜೊತೆ ಅವರು ಕೈಜೋಡಿಸಿದರು. ಕಾಂಗ್ರೆಸ್ ಬಿದ್ದುಹೋಯಿತು, ವಿರುದುನಗರದಲ್ಲಿ ಕಾಮರಾಜರನ್ನು ಒಬ್ಬ ವಿದ್ಯಾರ್ಥಿ ನಾಯಕ ಸೋಲಿಸಿದ. ಸ್ವತಂತ್ರ ಪಕ್ಷಕ್ಕೆ ಸಿಕ್ಕಿದ್ದು 20 ಶಾಸಕರು, ಡಿಎಂಕೆಗೆ ಒಂಟಿಯಾಗಿಯೇ ಬಹುಮತ. ಹುಡುಗರು ಅಜ್ಜನ ಮಾತು ಮೆಚ್ಚಿದರು, ವೋಟು ತಮ್ಮ ಪಕ್ಷಕ್ಕೆ ಹಾಕಿದರು.

ಕೊನೆಯ ದಿನಗಳು ಸುಖದವಾಗಿರಲಿಲ್ಲ. 1971ರ ಚುನಾವಣೆಯಲ್ಲಿ ಹಳೆಯ ಎದುರಾಳಿ ಕಾಮರಾಜರ ಜೊತೆ ಸೇರಿಯೂ ಸೋತರು, ಲೋಕಸಭೆಯಲ್ಲಿ ಪಕ್ಷ 8ಕ್ಕೆ ಇಳಿಯಿತು. ಅದೇ ವರ್ಷ ಕರುಣಾನಿಧಿ ಸರ್ಕಾರ ಪಾನನಿಷೇಧ ಸಡಿಲಿಸಲು ಹೊರಟಾಗ, ತೊಂಬತ್ತು ದಾಟಿದ್ದ ರಾಜಾಜಿ ಮುಖ್ಯಮಂತ್ರಿಯ ಮನೆಗೇ ಹೋಗಿ ಬೇಡ ಅಂತ ಕೇಳಿಕೊಂಡರು. ಅವರ ಮಾತು ನಡೆಯಲಿಲ್ಲ. 1972ರ ಡಿಸೆಂಬರ್ 25ರಂದು ತೀರಿಕೊಂಡರು. 1974ರಲ್ಲಿ ಪಕ್ಷವೂ ಭಾರತೀಯ ಲೋಕದಳದಲ್ಲಿ ಸೇರಿಹೋಯಿತು. 1991ರ ಜುಲೈಯಲ್ಲಿ ಹೆಚ್ಚಿನ ಕೈಗಾರಿಕೆಗಳ ಲೈಸೆನ್ಸನ್ನು ಕಾಂಗ್ರೆಸ್ ಸರ್ಕಾರವೇ ರದ್ದು ಮಾಡಿತು. ಆಗ ಅನೇಕರಿಗೆ ಈ ಮುದುಕರ ನೆನಪಾಯ್ತು.

ಹೆಂಡದ ಅಂಗಡಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಸರ್ಕಾರ ದೂರ ಇರಲಿ ಅಂದ ಮನುಷ್ಯ ಜನ ತಮ್ಮನ್ನು ತಾವು ಬಿಗಿ ಹಿಡಿಯಬೇಕು ಅಂತಲೂ ಅಂದರು. ಪೂಜೆ ಬಿಡದ ವೈಷ್ಣವರಾಗಿದ್ದೂ ಅನ್ಯ ಧರ್ಮದವರ ಮೇಲೆ ಹಗೆ ಸಾಧಿಸಲಿಲ್ಲ. ಈಗ ಸಂಪ್ರದಾಯದ ಹೆಸರು ಹೇಳುವ ಹುಡುಗರು ಇದಿಷ್ಟನ್ನೂ ಒಟ್ಟಿಗೆ ತೆಗೆದುಕೊಂಡರೆ ಚೆನ್ನ.

ಇನ್ನು ಹಿರಿಯರಾದ ನಮಗೂ ಇದರಲ್ಲಿ ಪಾಠ ಇದೆ. ತಮಿಳುನಾಡಿನಲ್ಲಿ 2006ರ ಕಾಯಿದೆ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿದ ಮೇಲೆ ಹೊಸೂರು, ತಾಳವಾಡಿ ಕಡೆಯ ಕನ್ನಡದ ಮಕ್ಕಳನ್ನು ನಮ್ಮ ಶಾಲೆಗೆ ಕಳಿಸಿ ಅಂತ ಕೇಳುತ್ತಲೇ ಇದ್ದೇವೆ. ನಮ್ಮದನ್ನು ಉಳಿಸಿಕೊಳ್ಳಿ ಅನ್ನುವುದು ಒಳ್ಳೆಯ ಮಾತೇ. ಆದರೆ ಉಳಿಸಿಕೊಂಡರೆ ಓದು, ನೌಕರಿ, ವ್ಯಾಪಾರದ ದಾರಿ ತೆರೆದಿರುತ್ತದೆ ಅನ್ನೋದು ಹುಡುಗರಿಗೆ ಕಾಣಬೇಕು. 1965ರಲ್ಲಿ ಅದು ಕಂಡಿತು, ರಾಜಾಜಿಯವರ ಹಿಂದೆ ಬಂದರು. 1953ರಲ್ಲಿ ಕಾಣಲಿಲ್ಲ, ಬಿಟ್ಟು ಹೋದರು.